ಇನ್ನೊಂದ್ಸಲ ಹೇಳಿ ಮೇಷ್ಟ್ರೇ

(ತೀರ್ಥಹಳ್ಳಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಮಳೆಗಾಲದ ಒಂದು ಭಾನುವಾರ ಆಡಿದ ಮಾತು. ಮಧ್ಯದಲ್ಲಿ ಮೂರು ಸಲ ಕರೆಂಟ್ ಹೋಯಿತು, ಮಾತೂ ಮೂರು ಸಲ ದಾರಿ ತಪ್ಪಿತು. ಬರೆಯುವಾಗ ಸ್ವಲ್ಪ ಸರಿ ಮಾಡಿದ್ದೇನೆ, ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲಿ ಇಷ್ಟು ಜನ ಬರುತ್ತೀರಿ ಅಂದುಕೊಂಡಿರಲಿಲ್ಲ. ಬಾಗಿಲ ಹತ್ತಿರ ಕೂತವರು ಒಮ್ಮೆ ಕಾಲು ನೋಡಿಕೊಳ್ಳಿ, ಇಂಬಳ ಹತ್ತಿರಬಹುದು. ನಾನು ಈಗಷ್ಟೇ ಎರಡು ಕಿತ್ತು ಹಾಕಿದೆ.

ಹೊರಗೆ ಬೋರ್ಡಿನಲ್ಲಿ 'ಉಚಿತ ಆನ್‌ಲೈನ್ ಕಲಿಕೆಯ ಪ್ರಯೋಜನಗಳು' ಅಂತ ಬರೆದಿದ್ದಾರೆ. ನಾನು 33 ವರ್ಷ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು. 'ಪ್ರಯೋಜನಗಳು' ಅನ್ನೋ ಪದ ನೋಡಿದರೆ ನನಗೆ ನಾಲ್ಕು ಅಂಕದ ಪ್ರಶ್ನೆ ನೆನಪಾಗುತ್ತದೆ. ಸಮಯ ಉಳಿಯುತ್ತದೆ, ಹಣ ಉಳಿಯುತ್ತದೆ, ಜ್ಞಾನ ಹೆಚ್ಚುತ್ತದೆ, ಹೀಗೆ. ಅಂಥ ಉತ್ತರಗಳಿಗೆ ಕೆಂಪು ಪೆನ್ನಿನಲ್ಲಿ ಸರಿ ಹಾಕಿ ಹಾಕಿ ಸುಸ್ತಾಗಿದೆ. ಇವತ್ತು ಒಂದೇ ಒಂದು ಪ್ರಯೋಜನದ ಬಗ್ಗೆ ಮಾತಾಡುತ್ತೇನೆ. ಅದು ನನಗೆ ಗೊತ್ತಾಗಿದ್ದು ನಿವೃತ್ತಿ ಆದ ಮೇಲೆ. ಅದಕ್ಕೆ ಸ್ವಲ್ಪ ನಾಚಿಕೆಯೂ ಇದೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹುಡುಗ. ಹತ್ತನೇ ಕ್ಲಾಸು. ಸಂಜೆ ಹೊತ್ತು ನಮ್ಮ ಜಗುಲಿಗೆ ಬಂದು ಕೂರುತ್ತಿದ್ದ. ವರ್ಗ ಸಮೀಕರಣ ಹೇಳಿಕೊಡುತ್ತಿದ್ದೆ. ಸೂತ್ರ ಅವನಿಗೆ ಬಾಯಿಪಾಠ. 'ಗೊತ್ತಾಯ್ತಾ?' ಅಂದರೆ 'ಹೂಂ ಸಾರ್' ಅನ್ನುತ್ತಿದ್ದ. ಮರುದಿನ ಅದೇ ಥರದ ಲೆಕ್ಕ ಕೊಟ್ಟರೆ ಅರ್ಧಕ್ಕೆ ಬಂದು ಪೆನ್ನು ನಿಲ್ಲುತ್ತಿತ್ತು. ಎಲ್ಲಿ ನಿಲ್ಲುತ್ತದೆ ಅಂತ ನೋಡಿದೆ. ಛೇದದಲ್ಲಿ ಭಿನ್ನರಾಶಿ ಬಂದ ಕೂಡಲೇ ನಿಲ್ಲುತ್ತದೆ. ಅಂದರೆ ತೊಂದರೆ ಇರುವುದು ಹತ್ತನೇ ಕ್ಲಾಸಿನ ಪಾಠದಲ್ಲಿ ಅಲ್ಲ. ಮೂರ್ನಾಲ್ಕು ವರ್ಷ ಹಿಂದೆ, ಭಿನ್ನರಾಶಿಯ ಭಾಗಾಕಾರದಲ್ಲಿ. ಆಗ ಯಾರೋ 'ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸು' ಅಂದಿದ್ದರು. ಯಾಕೆ ತಲೆಕೆಳಗು ಮಾಡಬೇಕು ಅಂತ ಅವನು ಕೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.

ನಾನು ಏನು ಮಾಡಬೇಕಿತ್ತು? ಅಲ್ಲಿಗೇ ವಾಪಸ್ ಹೋಗಬೇಕಿತ್ತು. ಮಾಡಲಿಲ್ಲ. 'ಏನೋ ಇದು, ಆರನೇ ಕ್ಲಾಸಿನದೂ ಬರೋದಿಲ್ವಾ ನಿಂಗೆ?' ಅಂದುಬಿಟ್ಟೆ. ಬೈದಿದ್ದಲ್ಲ, ಸುಮ್ನೆ ಅಂದಿದ್ದು. ಮಾರನೇ ದಿನದಿಂದ ಅವನು ಬರಲಿಲ್ಲ.

ಹದಿನೈದು ದಿನ ಕಳೆದಿರಬಹುದು. ಹಾಲು ಕೊಡಲು ಬಂದ ಅವನ ಅಮ್ಮ ಅಂದರು, 'ಮೇಷ್ಟ್ರೇ, ರಾತ್ರಿ ಕಂಬಳಿ ಮುಸುಕಿನೊಳಗೆ ಮೊಬೈಲು. ಏನು ನೋಡ್ತಾನೋ ಏನೋ, ನೀವೊಂದು ಮಾತು ಹೇಳಿ.' ನನಗೂ ಏನೇನೋ ಅನುಮಾನ. ಹೋಗಿ ಕೇಳಿದೆ. ತಲೆ ತಗ್ಗಿಸಿ ಫೋನು ಕೊಟ್ಟ. ನೋಡಿದರೆ ಆರನೇ ಕ್ಲಾಸಿನ ಭಿನ್ನರಾಶಿ ಪಾಠ, ಕನ್ನಡದಲ್ಲಿ. ತಂಗಿಗೆ ಕೇಳಿಸಬಾರದು ಅಂತ ಸೌಂಡ್ ಕಡಿಮೆ ಇಟ್ಟುಕೊಂಡು ನೋಡುತ್ತಿದ್ದನಂತೆ. ಒಂದೇ ಪಾಠವನ್ನು ಏಳೋ ಎಂಟೋ ಸಲ. ಅವನ ಪುಸ್ತಕದ ಹಿಂದಿನ ಹಾಳೆ ತುಂಬ ದುಂಡಗೆ ರೊಟ್ಟಿಯಂಥ ಚಿತ್ರಗಳು. ಮೂರು ರೊಟ್ಟಿ, ತಲೆಗೆ ಅರ್ಧರ್ಧ ಹಂಚಿದರೆ ಎಷ್ಟು ಜನಕ್ಕೆ ಆಗುತ್ತದೆ? ಆರು. ಮೂರನ್ನು ಅರ್ಧದಿಂದ ಭಾಗಿಸುವುದು ಅಂದರೆ ಅಷ್ಟೇ. ಭಾಗಿಸಿದರೆ ಕಡಿಮೆ ಆಗಬೇಕಲ್ಲ, ಜಾಸ್ತಿ ಹೇಗಾಯಿತು ಅನ್ನೋ ಗಂಟು ಅಲ್ಲಿ ಬಿಚ್ಚಿಕೊಂಡಿತ್ತು.

'ನನ್ನನ್ನೇ ಕೇಳಬಹುದಿತ್ತಲ್ಲೋ' ಅಂದೆ. 'ನಿಮ್ಮನ್ನ ಏಳು ಸಲ ಹೆಂಗೆ ಕೇಳೋದು ಸಾರ್?' ಅಂದ.

ಇವತ್ತಿನ ನನ್ನ ಭಾಷಣ ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಒಗ್ಗರಣೆ.

33 ವರ್ಷ ನಾನು ದಿನಕ್ಕೆ ನಾಲ್ಕೈದು ಪೀರಿಯಡ್ 'ಗೊತ್ತಾಯ್ತಾ?' ಅಂತ ಕೇಳಿದ್ದೇನೆ. ಐವತ್ತು ಮಕ್ಕಳು ಒಟ್ಟಿಗೆ 'ಹೂಂ' ಅಂದಿದ್ದಾರೆ. ಆ 'ಹೂಂ'ನಲ್ಲಿ ಎಷ್ಟು ನಿಜ ಇತ್ತೋ ದೇವರೇ ಬಲ್ಲ. 'ಇನ್ನೊಂದ್ಸಲ ಹೇಳಿ ಮೇಷ್ಟ್ರೇ' ಅನ್ನಲು ಧೈರ್ಯ ಬೇಕು. ಎರಡನೇ ಸಲ ಕೇಳಲು ಇನ್ನೂ ಜಾಸ್ತಿ ಬೇಕು. ಮೂರನೇ ಸಲಕ್ಕೆ ಇಡೀ ಕ್ಲಾಸು ನಗುತ್ತದೆ. ವಿಡಿಯೊ ನಗುವುದಿಲ್ಲ. ಬೆರಳಲ್ಲಿ ಹಿಂದಕ್ಕೆ ತಳ್ಳಿದರೆ ಮೊದಲಿನ ತಾಳ್ಮೆಯಲ್ಲೇ ಮತ್ತೆ ಹೇಳುತ್ತದೆ.

ಇದು ನಾನು ಕಂಡುಹಿಡಿದ ಮಾತಲ್ಲ. ಪುಕ್ಕಟೆ ವಿಡಿಯೊ ಪಾಠ ಕೊಡುವ ಖಾನ್ ಅಕಾಡೆಮಿ ಅಂತ ಇದೆ, ಕೆಲವರು ಕೇಳಿರಬಹುದು. ಅದನ್ನು ಶುರು ಮಾಡಿದವರು ಸಲ್ಮಾನ್ ಖಾನ್. (ಇಲ್ಲಿ ಹಿಂದಿನ ಬೆಂಚಿನ ಮಕ್ಕಳು ಏನು ಮಾಡಿದರು ಅಂತ ಬರೆಯಬೇಕಾಗಿಲ್ಲ.) ಇವರು ಅಮೆರಿಕದಲ್ಲಿ ಹಣಕಾಸು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು. 2004ರಲ್ಲಿ ದೂರದ ಊರಲ್ಲಿದ್ದ ನೆಂಟರ ಹುಡುಗಿಗೆ ಫೋನಿನಲ್ಲಿ ಲೆಕ್ಕ ಹೇಳಿಕೊಡಲು ಶುರು ಮಾಡಿದರು. ಒಬ್ಬಳಿಗೆ ಹೇಳಿಕೊಟ್ಟಿದ್ದು ಗೊತ್ತಾಗಿ ಉಳಿದ ನೆಂಟರ ಮಕ್ಕಳೂ ಬಂದರು. ಎಲ್ಲರಿಗೂ ಬೇರೆ ಬೇರೆ ಹೇಳಲು ಆಗದೆ 2006ರಲ್ಲಿ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿದರು. ಆ ಮಕ್ಕಳು ಆಮೇಲೆ ಏನು ಹೇಳಿದರಂತೆ ಗೊತ್ತಾ? ನೀನು ಎದುರಿಗೆ ಇರೋದಕ್ಕಿಂತ ಯೂಟ್ಯೂಬಿನಲ್ಲಿ ಇರೋದೇ ನಮಗೆ ಇಷ್ಟ ಅಂದರಂತೆ. ಖಾನ್ ಅವರೇ ಇದನ್ನು ನಗುತ್ತಾ ಹೇಳಿಕೊಂಡಿದ್ದಾರೆ. ಬೇಕಾದಲ್ಲಿ ನಿಲ್ಲಿಸಬಹುದು, ಮರೆತಿದ್ದನ್ನು ಗುಟ್ಟಾಗಿ ಮತ್ತೆ ನೋಡಬಹುದು, ಯಾರ ಸಮಯವನ್ನೂ ಹಾಳು ಮಾಡುತ್ತಿದ್ದೇವೆ ಅನ್ನಿಸುವುದಿಲ್ಲ. ನಮ್ಮ ಕಂಬಳಿ ಮುಸುಕಿನ ಹುಡುಗ ಹೇಳಿದ್ದೂ ಇದನ್ನೇ ಅಲ್ವಾ?

ಆ ಹುಡುಗ ಎಸ್ಸೆಸ್ಸೆಲ್ಸಿ ಪಾಸಾದ. ಗಣಿತದಲ್ಲಿ 61. ನೂರಲ್ಲ. ಅವನಿಗೂ ನನಗೂ ಅದು ಸಾಕು.

ಈಗ ಪುಕ್ಕಟೆಯ ವಿಷಯಕ್ಕೆ ಬರೋಣ. ಪುಕ್ಕಟೆ ಅಂದ ಕೂಡಲೇ ನಮ್ಮ ಜನಕ್ಕೆ ಅನುಮಾನ. ಸರಿಯೇ. ಆದರೆ ಈ ಪಾಠಗಳು ಪುಕ್ಕಟೆ ಆದದ್ದಕ್ಕೆ ಒಂದು ಚೆಂದದ ಕಥೆ ಇದೆ. ಅಮೆರಿಕದ ಎಂಐಟಿ ಅನ್ನೋ ವಿಶ್ವವಿದ್ಯಾಲಯದಲ್ಲಿ ಇಂಟರ್ನೆಟ್ ಪಾಠಗಳನ್ನು ಮಾರಿ ದುಡ್ಡು ಮಾಡಬಹುದೇ ಅಂತ ಯೋಚಿಸಲು ಅಧ್ಯಾಪಕರ ಸಮಿತಿ ಒಂದು ಕೂತಿತ್ತು. ಲೆಕ್ಕ ಹಾಕಿ ಹಾಕಿ ಕೊನೆಗೆ, ಮಾರುವುದು ಬೇಡ, ಎಲ್ಲರಿಗೂ ಸುಮ್ನೆ ಕೊಟ್ಟುಬಿಡೋಣ ಅಂತ ಎದ್ದಿತು. 2001ರಲ್ಲಿ ಅದನ್ನು ಜಗತ್ತಿಗೆಲ್ಲ ಸಾರಿದರು. ನಮ್ಮಲ್ಲೂ ತಡವೇನೂ ಆಗಲಿಲ್ಲ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಎನ್‌ಪಿಟೆಲ್ ಅನ್ನೋ ಪುಕ್ಕಟೆ ಪಾಠಗಳ ಯೋಜನೆ ಶುರು ಮಾಡಿದ್ದು 2003ರಲ್ಲಿ. ಸರ್ಕಾರದ ದುಡ್ಡು, ಅಂದರೆ ನಮ್ಮದೇ ದುಡ್ಡು. 2017ರ ಜುಲೈನಲ್ಲಿ ಸರ್ಕಾರದ್ದೇ ಆನ್‌ಲೈನ್ ಕೋರ್ಸುಗಳ ಜಾಲತಾಣ 'ಸ್ವಯಂ' ಬಂತು, ಒಂಬತ್ತನೇ ಕ್ಲಾಸಿನಿಂದ ಸ್ನಾತಕೋತ್ತರದವರೆಗೆ. ಅದೇ ವರ್ಷ ಶಾಲೆಯ ಮಕ್ಕಳಿಗೆ 'ದೀಕ್ಷಾ'. ನಿಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ ಚೌಕದೊಳಗೆ ಕಪ್ಪು ಚುಕ್ಕಿಗಳ ಗುರುತು ಇದೆಯಲ್ಲ, ಅದಕ್ಕೆ ಫೋನು ಹಿಡಿದರೆ ಆ ಪಾಠಕ್ಕೆ ಸಂಬಂಧಪಟ್ಟದ್ದು ಬರುತ್ತದೆ. ನಮ್ಮ ಮೊಮ್ಮಗಳು ಆ ಚೌಕಕ್ಕೆ ಕೈಕಾಲು ಬರೆದು ಬೊಂಬೆ ಮಾಡಿದ್ದಾಳೆ, ಅದು ಬೇರೆ ಮಾತು.

ನಾನು ಸ್ವತಃ ಕಲಿತಿದ್ದು ಎಂಐಟಿಯ ಗಣಿತದ ಮೇಷ್ಟ್ರು ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರಿಂದ. ಬಿಎಸ್ಸಿಯಲ್ಲಿ ಮ್ಯಾಟ್ರಿಕ್ಸ್ ಅನ್ನೋದನ್ನು, ಅಂದರೆ ಅಡ್ಡಸಾಲು ಕಂಬಸಾಲಿನಲ್ಲಿ ಜೋಡಿಸಿದ ಸಂಖ್ಯೆಗಳ ಲೆಕ್ಕವನ್ನು, ಗಿಣಿಪಾಠ ಮಾಡಿ ಪಾಸಾದವನು ನಾನು. ನಲವತ್ತು ವರ್ಷ ಕಳೆದ ಮೇಲೆ, ಕನ್ನಡಕ ಹಾಕಿಕೊಂಡು, ಅದು ನಿಜವಾಗಿ ಏನು ಅಂತ ನೋಡಿದೆ. ದೊಡ್ಡ ಕರಿಹಲಗೆ, ಸೀಮೆಸುಣ್ಣ, ಎದುರಿಗೆ ವಿದ್ಯಾರ್ಥಿಗಳು. ಗ್ರಾಫಿಕ್ಸ್ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಮೊದಲ ಪಾಠದಲ್ಲೇ ಎರಡು ಗೆರೆ ಎಳೆದು, ಅವು ಕೂಡುವ ಜಾಗವೇ ಉತ್ತರ ಅಂದರು. ಅದು ನನಗೂ ಗೊತ್ತಿತ್ತು. ಆಮೇಲೆ ಅದೇ ಲೆಕ್ಕವನ್ನು ಅಡ್ಡಸಾಲು ಬಿಟ್ಟು ಕಂಬಸಾಲಿನಿಂದ ನೋಡಿ ಅಂದರು. ಅಷ್ಟು ವರ್ಷ ಮೇಷ್ಟ್ರಾಗಿದ್ದರೂ ಹಾಗೆ ನೋಡಿರಲಿಲ್ಲ! ವಿಡಿಯೊ ನಿಲ್ಲಿಸಿ ಹೊರಗೆ ಹೋಗಿ ಅಂಗಳದಲ್ಲಿ ಒಂದು ಸುತ್ತು ತಿರುಗಿ ಬಂದೆ. ಅವರ ಇಂಗ್ಲಿಷ್ ನಿಧಾನ, ಆದರೂ ನನಗೆ ಅದನ್ನು ಇನ್ನೂ ನಿಧಾನ ಮಾಡಿಕೊಳ್ಳಬೇಕಾಯಿತು. ಅದಕ್ಕೂ ಒಂದು ಬಟನ್ ಇದೆ. ಸ್ಟ್ರ್ಯಾಂಗ್ ಕೊನೆಯ ಪಾಠ ಮಾಡಿದ್ದು 2023ರಲ್ಲಿ, 88ನೇ ವಯಸ್ಸಿನಲ್ಲಿ. ಅದನ್ನು ಓದಿದ ಮೇಲೆ ನಿವೃತ್ತಿ ಅನ್ನೋ ಪದ ಹೇಳಲು ನನಗೆ ಸಂಕೋಚ.

ಇದೆಲ್ಲ ತೀರಾ ಹೊಸದು ಅಂತಲೂ ತಿಳಿಯಬೇಡಿ. ಭದ್ರಾವತಿಯಲ್ಲಿ ಆಕಾಶವಾಣಿ ಬಂದಿದ್ದು 1965ರಲ್ಲಿ. ನಾವು ಚಿಕ್ಕವರಿದ್ದಾಗ ಶಾಲೆಯ ರೇಡಿಯೊದ ಸುತ್ತ ಕೂತು ಪಾಠ ಕೇಳುತ್ತಿದ್ದೆವು. ನಮ್ಮ ಅಪ್ಪ ಕೃಷಿರಂಗ ಕೇಳದೆ ಊಟಕ್ಕೆ ಏಳುತ್ತಿರಲಿಲ್ಲ. ಅದೂ ದೂರದಿಂದ ಬರುವ ಪುಕ್ಕಟೆ ಪಾಠವೇ. ಆದರೆ ರೇಡಿಯೊದವರಿಗೆ 'ಸ್ವಲ್ಪ ತಡೀರಿ, ದನ ತೋಟಕ್ಕೆ ನುಗ್ಗಿದೆ, ಓಡಿಸಿ ಬರ್ತೇನೆ' ಅನ್ನಲು ಆಗುತ್ತಿರಲಿಲ್ಲ.

ದನ ಅಂದಾಗ ತೋಟ ನೆನಪಾಯಿತು. ಇಲ್ಲಿ ಕೂತಿರುವವರಲ್ಲಿ ಜಾಸ್ತಿ ಜನ ಅಡಿಕೆಯವರು. ನಿಮಗೆ ಪರೀಕ್ಷೆ ಇಲ್ಲ, ಆದರೆ ಪ್ರತಿ ಮಳೆಗಾಲವೂ ಪರೀಕ್ಷೆಯೇ.

ನನ್ನ ತಮ್ಮ ತೋಟ ನೋಡಿಕೊಳ್ಳುತ್ತಾನೆ. ಎರಡು ವರ್ಷ ಸತತ ಅಡಿಕೆಗೆ ಕೊಳೆರೋಗ ಬಂತು. ಔಷಧಿ ಹೊಡೆಸಿದ್ದ, ದುಡ್ಡು ಕೊಟ್ಟಿದ್ದ, ಆದರೂ ಕಾಯಿ ಉದುರಿತು. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಸರಿ ಇಲ್ಲ ಅಂತ ಅಂಗಡಿಯವನಿಗೆ ಬೈದ. ಆಮೇಲೆ ಒಂದು ದಿನ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ವಿಡಿಯೊ ನೋಡಿ ನನ್ನನ್ನೂ ಕರೆದ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಇದು ಎಲ್ಲರಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಗೊತ್ತಿಲ್ಲದೇ ಇದ್ದಿದ್ದು ಕೈಯ ಕೆಲಸ. ತುತ್ತವನ್ನು ಐವತ್ತು ಲೀಟರಿನಲ್ಲಿ ಬೇರೆ ಕರಗಿಸಬೇಕು, ಸುಣ್ಣವನ್ನು ಐವತ್ತರಲ್ಲಿ ಬೇರೆ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕೋಲಿನಲ್ಲಿ ತಿರುಗಿಸುತ್ತಲೇ ಇರಬೇಕು. ಇವನ ಕಡೆ ಕೆಲಸದವರು ಅವಸರಕ್ಕೆ ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಿ ಕಲಕುತ್ತಿದ್ದರು. ಪಾತ್ರೆ ಕಬ್ಬಿಣದ್ದು ಆಗಬಾರದು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಇನ್ನೊಂದು, ಕತ್ತಿ ಪರೀಕ್ಷೆ. ಚೆನ್ನಾಗಿ ಮಸೆದ ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಅದನ್ನು ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಹಾಕಿ, ಮತ್ತೆ ಅದ್ದಿ ನೋಡಬೇಕು.

ಅಜ್ಜ ಇದನ್ನು ಮಾಡುತ್ತಿದ್ದರು ಅಂತ ಆಮೇಲೆ ನಮ್ಮ ಅಮ್ಮ ಹೇಳಿದರು. ಮಧ್ಯದಲ್ಲಿ ಒಂದು ತಲೆಮಾರು ಕತ್ತಿ ಅದ್ದುವುದನ್ನೇ ಮರೆತಿತ್ತು. ಕರಪತ್ರದಲ್ಲಿ 'ಕತ್ತಿಯಿಂದ ಪರೀಕ್ಷಿಸಿ' ಅಂತ ಬರೆದಿರುತ್ತದೆ. ಅಲಗಿನ ಮೇಲೆ ಕೂರುವ ಆ ಕೆಂಪು ಹೇಗಿರುತ್ತದೆ ಅಂತ ಬರೆದರೆ ಗೊತ್ತಾಗುವುದಿಲ್ಲ, ನೋಡಬೇಕು. ನನ್ನ ತಮ್ಮ ಡ್ರಮ್ಮಿನ ಪಕ್ಕ ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ಮಾಡಿದ. ಆ ವರ್ಷ ಕೊಳೆ ಪೂರ್ತಿ ನಿಂತಿತು ಅಂದರೆ ಸುಳ್ಳಾಗುತ್ತದೆ. ಕಡಿಮೆ ಆಯಿತು.

ಆದರೆ ಇವನೇ ಇನ್ನೊಂದು ವಿಡಿಯೊ ನೋಡಿ ಹಳ್ಳಕ್ಕೂ ಬಿದ್ದ. 2022ರಲ್ಲಿ ನಮ್ಮ ಕಡೆ ಎಲೆಚುಕ್ಕೆ ರೋಗ ಹೇಗೆ ಹಬ್ಬಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದೇ ಸಲ ಹೊಡೆದರೆ ಎಲೆಚುಕ್ಕೆ ಮಾಯ ಅಂತ ಒಬ್ಬರು ಬಾಟಲಿ ತೋರಿಸಿದರು. ಇವನು ತರಿಸಿದ. ಚುಕ್ಕೆ ಇದ್ದಲ್ಲೇ ಇತ್ತು, ದುಡ್ಡು ಮಾತ್ರ ಮಾಯ. ಅದಕ್ಕೇ ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ವಿಡಿಯೊದ ಕೊನೆಗೆ ಏನಾದರೂ ಮಾರುತ್ತಾರಾ ಅಂತ ಮೊದಲು ನೋಡುವುದು. ಮಾರುತ್ತಾರೆ ಅಂದರೆ ಅದು ಪಾಠ ಅಲ್ಲ, ಸಂತೆ. ಅನುಮಾನ ಬಂದರೆ ಕೇಳಲು ಜಾಗ ಇದೆ. ಇರುವಕ್ಕಿಯಲ್ಲಿ ನಮ್ಮದೇ ಕೃಷಿ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ವಿಟ್ಲದಲ್ಲಿ ಸಿಪಿಸಿಆರ್‌ಐನವರು, ಅಂದರೆ ಕೇಂದ್ರ ಸರ್ಕಾರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು, ಅಡಿಕೆಯ ಮೇಲೆ ಕೆಲಸ ಮಾಡುತ್ತಾರೆ.

(ಇಲ್ಲಿ ಮೊದಲ ಸಲ ಕರೆಂಟ್ ಹೋಯಿತು. ಯಾರೋ ಟಾರ್ಚ್ ಹಿಡಿದರು. ನನ್ನ ಚೀಟಿ ಕಾಣಲಿಲ್ಲ, ಹಾಗಾಗಿ ಮುಂದಿನದು ಚೀಟಿಯಲ್ಲಿ ಇಲ್ಲದ್ದು.)

ಅಡಿಕೆ ಸುಲಿಯುವ ರಾತ್ರಿಗಳು ನೆನಪಿದೆಯಾ? ಮೆಟ್ಟುಗತ್ತಿ ಸಾಲಾಗಿ ಇಟ್ಟು, ಮಧ್ಯರಾತ್ರಿವರೆಗೆ ಮಾತು, ಕಥೆ, ಕ್ಯಾಸೆಟ್ಟಿನಲ್ಲಿ ತಾಳಮದ್ದಲೆ. ಈಗಲೂ ನಮ್ಮ ಅತ್ತಿಗೆ ಸುಲಿಯುತ್ತಾರೆ. ಕಳೆದ ಸುಗ್ಗಿಯಲ್ಲಿ ಅವರ ಪಕ್ಕ ಫೋನು ಮಾತಾಡುತ್ತಿತ್ತು. ತಾಳಮದ್ದಲೆ ಅಲ್ಲ. ಐಐಟಿ ಬಾಂಬೆಯವರದು ಸ್ಪೋಕನ್ ಟ್ಯುಟೋರಿಯಲ್ ಅಂತ ಇದೆ. ಕಂಪ್ಯೂಟರ್ ಕೆಲಸವನ್ನು ಹತ್ತು ಹತ್ತು ನಿಮಿಷದ ತುಂಡು ಮಾಡಿ ಹೇಳಿಕೊಡುತ್ತಾರೆ. ಕನ್ನಡದಲ್ಲೂ ಧ್ವನಿ ಇದೆ. ಪರದೆಯ ಅರ್ಧ ಭಾಗದಲ್ಲಿ ಪಾಠ, ಇನ್ನರ್ಧದಲ್ಲಿ ನೀವು ಅದನ್ನೇ ಮಾಡುತ್ತಾ ಹೋಗುವುದು. ಅತ್ತಿಗೆ ಪಿಯುಸಿಗೆ ಓದು ನಿಲ್ಲಿಸಿದವರು, ಸ್ವಸಹಾಯ ಸಂಘದ ಲೆಕ್ಕ ಬರೆಯುವವರು. ಸುಲಿಯುತ್ತಾ ಕೇಳುವುದು, ಹಗಲು ಹೊತ್ತು ಮಗನ ಲ್ಯಾಪ್‌ಟಾಪ್ ಖಾಲಿ ಇದ್ದಾಗ ಮಾಡಿ ನೋಡುವುದು. ಲಿಬ್ರೆ ಆಫೀಸ್ ಅನ್ನೋ ಪುಕ್ಕಟೆ ತಂತ್ರಾಂಶದಲ್ಲಿ ಸಂಘದ ಲೆಕ್ಕ ಹಾಕಿದರು. ಹಳೆಯ ನೋಟ್‌ಬುಕ್ಕಿನಲ್ಲಿ 240 ರೂಪಾಯಿ ತಪ್ಪು ಕೂಡಿದ್ದು ಸಿಕ್ಕಿತು. ಅಧ್ಯಕ್ಷೆಗೆ ಸಿಟ್ಟು ಬಂತು, ಸಂಘದಲ್ಲಿ ಎರಡು ವಾರ ಮಾತಿಲ್ಲ. ಕಲಿಕೆಯಿಂದ ಹೀಗೂ ಆಗುತ್ತದೆ.

ಇನ್ನು ನಮ್ಮ ಭಾವ. ಅವರಿಗೆ 74. ಸಾಗರದ ಕಡೆ ಹಳೆಯ ಮನೆ. ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿದ ಒಂದು ಓಲೆಗರಿಯ ಕಟ್ಟು. ಪ್ರತಿ ನವರಾತ್ರಿಗೆ ಇಳಿಸಿ ಪೂಜೆ ಮಾಡಿ ವಾಪಸ್ ಇಡುವುದು. ಯಾರಿಗೂ ಓದಲು ಬಾರದು, ಯಾಕೆಂದರೆ ಅದು ಕನ್ನಡ ಲಿಪಿ ಅಲ್ಲ, ತಿಗಳಾರಿ. ನಮ್ಮ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ. ನೋಡಲು ಸ್ವಲ್ಪ ಮಲಯಾಳದ ಹಾಗೆ. ಕೆಳದಿಯ ಸಂಗ್ರಹಾಲಯದಲ್ಲಿ ಇಂಥ ಓಲೆಗರಿಗಳಿವೆ. 2024ರಲ್ಲಿ ಈ ಲಿಪಿ ಯೂನಿಕೋಡಿಗೂ ಸೇರಿತು, ಅಂದರೆ ಕಂಪ್ಯೂಟರಿನಲ್ಲೂ ಅದಕ್ಕೊಂದು ಜಾಗ ಆಯಿತು.

ಭಾವ ಯಾರೋ ಆಸಕ್ತರು ಹಾಕಿದ ಪುಕ್ಕಟೆ ಪಾಠ ನೋಡಿ ಅ ಆ ಇ ಈ ತಿದ್ದಲು ಕೂತರು. ಅಕ್ಕ ನಕ್ಕರು. ಮೊಮ್ಮಗ ಎಲ್‌ಕೆಜಿ, ಅಜ್ಜನೂ ಎಲ್‌ಕೆಜಿ. ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಅಕ್ಷರ ತಿದ್ದುವುದು. ಆರು ತಿಂಗಳಾದ ಮೇಲೆ ಒಂದು ದಿನ ಫೋನು ಮಾಡಿದರು. 'ಓದಿದೆ ಮಾರಾಯ' ಅಂದರು. ಧ್ವನಿ ನಡುಗುತ್ತಿತ್ತು. ಏನಿದೆ ಭಾವ ಅಂದೆ. 'ಮೊದಲ ಗರಿ ಗಣಪತಿ ಪೂಜೆ. ಎರಡನೆಯದೂ ಪೂಜೆಯದೇ. ಮೂರನೆಯದು ಹುಳ ತಿಂದಿದೆ.' ನಿಧಿಯ ನಕ್ಷೆ ಏನೂ ಸಿಗಲಿಲ್ಲ. ಎಂಬತ್ತು ಗರಿ ಇವೆ, ಈಗ ಮೂವತ್ತೊಂದರಲ್ಲಿ ಇದ್ದಾರೆ.

ಈಗ ನೀವು ಕೇಳಲು ಕಾಯುತ್ತಿರುವ ಪ್ರಶ್ನೆ ನಾನೇ ಹೇಳಿಬಿಡುತ್ತೇನೆ. 'ಮೇಷ್ಟ್ರೇ, ಇದೆಲ್ಲ ಸರಿ, ನೆಟ್‌ವರ್ಕ್ ಎಲ್ಲಿದೆ?'

ಇದಕ್ಕೆ ನನ್ನ ಹತ್ತಿರ ಚೆಂದದ ಉತ್ತರ ಇಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಮಕ್ಕಳು ಗುಡ್ಡದ ತಲೆಯ ಮೇಲೆ ಕೊಡೆ ಹಿಡಿದು ಕೂತು ಪಾಠ ಕೇಳಿದ್ದನ್ನು ನಾವೆಲ್ಲ ನೋಡಿದ್ದೇವೆ. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಬರುತ್ತಿತ್ತು, ಕರೆಂಟ್ ಇದ್ದವರು ನೋಡಿದರು. ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ ಅಂತ ಊರೂರಲ್ಲಿ ಬೋರ್ಡು ಹಾಕಿದ್ದೂ ಆಯಿತು. ಅಂಥ ಕಡೆ ಹೋಗಿ 'ಕಲಿಕೆ ನಿಮ್ಮ ಬೆರಳ ತುದಿಯಲ್ಲಿ' ಅಂತ ಭಾಷಣ ಮಾಡಿದರೆ ಹೊಡೆಯುತ್ತಾರೆ, ಹೊಡೆಯಬೇಕು ಕೂಡ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಆಗಿ ಅರವತ್ತು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಸಾಗರದ ಕಾಲೇಜು ಅಂದರೆ ಲಾಂಚ್ ದಾಟಬೇಕು. ಸಂಜೆಯ ಲಾಂಚ್ ತಪ್ಪಿದರೆ ಮನೆ ತಪ್ಪಿತು. ಮನೆಯಲ್ಲೇ ಕೂತು ಕಲಿಯುವುದು ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕೋ ಅವರಿಗೇ ಸಿಗ್ನಲ್ ಎಲ್ಲರಿಗಿಂತ ಕಡಿಮೆ.

ಆದರೆ ಒಂದು ದಾರಿ ಇದೆ, ಅದೂ ಎಂಐಟಿಯವರೇ ತೋರಿಸಿದ್ದು. ಇಂಟರ್ನೆಟ್ ನಿಧಾನ ಇದ್ದ ಆಫ್ರಿಕಾದ ವಿಶ್ವವಿದ್ಯಾಲಯಗಳಿಗೆ ಅವರು ಏನು ಮಾಡಿದರು? ಪಾಠಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ತುಂಬಿ ಕಳಿಸಿದರು. ಬುತ್ತಿ ಕಟ್ಟಿದ ಹಾಗೆ. ನಮ್ಮಿಂದಲೂ ಆಗುತ್ತದೆ. ಶಿವಮೊಗ್ಗಕ್ಕೋ ತೀರ್ಥಹಳ್ಳಿಗೋ ಹೋದಾಗ ಬೇಕಾದ ಪಾಠ ಇಳಿಸಿಕೊಂಡು ಬಂದರೆ ಮನೆಯಲ್ಲಿ ಸಿಗ್ನಲ್ಲಿನ ಹಂಗಿಲ್ಲ. ಇಳಿಸಿಕೊಳ್ಳಲು, ಹಂಚಲು ಪಾಠದವರು ಅನುಮತಿ ಕೊಟ್ಟಿದ್ದಾರಾ ಅಂತ ನೋಡಿಕೊಳ್ಳಿ. ಎಂಐಟಿಯ ಪಾಠಗಳಿಗೆ ಆ ಅನುಮತಿ ಇದೆ, ಆದರೆ ಮಾರಬಾರದು. ಇದೇ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಮಾಡಿ ಇಡೋಣ ಅಂತ ಮೇಲ್ವಿಚಾರಕರಿಗೆ ಹೇಳಿದ್ದೇನೆ. ಪೆನ್‌ಡ್ರೈವ್ ನಾನು ಕೊಡುತ್ತೇನೆ. ಕಳೆದು ಹಾಕಬೇಡಿ.

ದುಡ್ಡಿನ ವಿಷಯದಲ್ಲಿ ಒಂದೆರಡು ಮಾತು, ಬೇಗ ಮುಗಿಸುತ್ತೇನೆ. ಎನ್‌ಪಿಟೆಲ್ ಪಾಠ ಕೇಳಲು, ಹೆಸರು ನೋಂದಾಯಿಸಲು ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕು ಅಂದರೆ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು, ಅದಕ್ಕೆ ಶುಲ್ಕ ಇದೆ, ಸಾವಿರ ರೂಪಾಯಿಯ ಆಸುಪಾಸು. ಡಿಗ್ರಿ ಓದುವವರು ಗಮನಿಸಿ, ಕಾಲೇಜು ಒಪ್ಪಿದರೆ 'ಸ್ವಯಂ' ಕೋರ್ಸುಗಳು ನಿಮ್ಮ ಪದವಿಯ ಲೆಕ್ಕಕ್ಕೂ ಸೇರುತ್ತವೆ. 2021ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ. ಕೋರ್ಸಿಗೆ ಸೇರುವ ಮೊದಲೇ ಕಾಲೇಜಿನಲ್ಲಿ ಕೇಳಿಕೊಳ್ಳಿ, ಆಮೇಲೆ ಅಲ್ಲ.

ಇನ್ನೊಂದು ನಮ್ಮ ಮನೆಯಲ್ಲೇ ಆದದ್ದು. ಒಂದು ಕಂಪನಿಯವರು, ಹೆಸರು ಬೇಡ, ನನ್ನ ತಂಗಿಯ ಮನೆಗೆ ಬಂದು ಟ್ಯಾಬ್ಲೆಟ್ ತೋರಿಸಿ ಸಾಲದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ನಲವತ್ತು ಸಾವಿರ. ಮಗು ಅದರಲ್ಲಿ ಆಟ ಆಡಿತು. ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಹೋಯಿತು. ಆ ಟ್ಯಾಬ್ಲೆಟ್ಟಿನಲ್ಲಿ ಇದ್ದ ಪಾಠಗಳಿಗೆ ಸಮನಾದದ್ದು ಪುಕ್ಕಟೆ ಸಿಗುತ್ತಿತ್ತು. ತಂಗಿ ನನ್ನನ್ನು ಕೇಳಲಿಲ್ಲ. ನಾನೂ ಆಗ ಕೇಳಿದರೆ ಹೇಳುವಷ್ಟು ತಿಳಿದಿರಲಿಲ್ಲ.

ಪುಕ್ಕಟೆಗೆ ಇರುವ ದೊಡ್ಡ ರೋಗ ಬೇರೆ. ಅರ್ಧಕ್ಕೆ ಬಿಡುವುದು. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಇಬ್ಬರು ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಎಲ್ಲರಿಗೂ ತೆರೆದಿಟ್ಟರು. ಸೇರಿದವರು ಸುಮಾರು 1,60,000. ಮುಗಿಸಿದವರು 23,000ದ ಆಸುಪಾಸು. ಅದು ಒಳ್ಳೆಯ ಫಲಿತಾಂಶ! ಆಮೇಲೆ ಬಂದ ಇಂಥ ಕೋರ್ಸುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ಜನವೂ ಕೊನೆ ಮುಟ್ಟುವುದಿಲ್ಲ. ದುಡ್ಡು ಕೊಟ್ಟಿಲ್ಲ, ಹಾಜರಿ ಇಲ್ಲ, ಬೈಯಲು ಮೇಷ್ಟ್ರಿಲ್ಲ. ಕೇಳದೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ನಾನು ಹೊಗಳಿದ ಆ ಗುಟ್ಟೇ ಇಲ್ಲಿ ಉಲ್ಟಾ ಹೊಡೆಯುತ್ತದೆ. ನಾನೂ ಎರಡು ಕೋರ್ಸು ಅರ್ಧಕ್ಕೆ ಬಿಟ್ಟಿದ್ದೇನೆ. ಒಂದು ಸಂಖ್ಯಾಶಾಸ್ತ್ರ, ಇನ್ನೊಂದು ಯೋಗ.

ಅತ್ತಿಗೆ ಮುಗಿಸಿದರು, ಯಾಕೆಂದರೆ ಸಂಘದ ಲೆಕ್ಕ ಕೊಡಲೇಬೇಕಿತ್ತು. ತಮ್ಮ ಮುಗಿಸಿದ, ಯಾಕೆಂದರೆ ಮಳೆ ಬರುವುದಿತ್ತು. ಭಾವನಿಗೆ ಎದುರಿಗೆ ಮೊಮ್ಮಗ ಕೂತಿದ್ದ. ಆ ಹುಡುಗನಿಗೆ ನಾನಿದ್ದೆ ಅಂತ ಹೇಳಿಕೊಳ್ಳಲು ಆಸೆ. ಆದರೆ ನಿಜ ಹೇಳಬೇಕೆಂದರೆ, ನನಗೆ ತೋರಿಸಬೇಕು ಅನ್ನೋ ಸಿಟ್ಟಿತ್ತು ಅವನಿಗೆ. ಅದಕ್ಕೇ ನನ್ನ ಸಲಹೆ, ಭಾನುವಾರ ಹತ್ತು ಗಂಟೆಗೆ ಇಲ್ಲಿ ಬನ್ನಿ. ಒಬ್ಬೊಬ್ಬರೂ ತಮ್ಮ ತಮ್ಮ ಪಾಠ ನೋಡೋಣ. ನಾನು ಹೇಳಿಕೊಡುವುದಿಲ್ಲ, ಸುಮ್ನೆ ಕೂತಿರುತ್ತೇನೆ. ಏಳು ಸಲ ಬೇಕಾದರೂ ಕೇಳಿ, ಈಗ ನಾನು ಸಂಬಳಕ್ಕಿಲ್ಲ.

(ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಯಾರೂ ಕೇಳಲಿಲ್ಲ. ಎಲ್ಲರೂ ಚಾ ಕುಡಿದು ಹೊರಟ ಮೇಲೆ ಹಿರಿಯ ಹೆಂಗಸೊಬ್ಬರು ಕೊಡೆ ಬಾಗಿಲಿಗೆ ಒರಗಿಸಿಟ್ಟು ಹತ್ತಿರ ಬಂದರು. 'ಮೇಷ್ಟ್ರೇ, ರವಿಕೆ ಕಟಿಂಗ್ ಕಲಿಸೋದು ಇದೆಯಾ?' ಅಂದರು. 'ಬೇಕಾದಷ್ಟಿದೆ ಅಮ್ಮ' ಅಂದೆ. ಗ್ರಂಥಾಲಯದ ವೈಫೈಗೆ ಸಿಕ್ಕಿಸಿ ಒಂದನ್ನು ಇಳಿಸಲು ಹೋದರೆ ಅವರ ಫೋನಿನಲ್ಲಿ ಜಾಗವೇ ಇಲ್ಲ. ತುಂಬ ಶುಭೋದಯದ ಚಿತ್ರಗಳು. ಹೂವು, ಸೂರ್ಯ, ಚಾ ಕಪ್ಪು, ದೇವರು. ಇಬ್ಬರೂ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಅಳಿಸಿದೆವು. ಒಂದು ಇಡಗುಂಜಿ ಗಣಪತಿಯನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಕೊನೆಗೂ ಒಂದು ಪಾಠಕ್ಕೆ ಜಾಗ ಆಯಿತು. ಅದು ಅರ್ಧ ಇಳಿಯುವಷ್ಟರಲ್ಲಿ ಮತ್ತೆ ಕರೆಂಟ್ ಹೋಯಿತು. 'ಇರಲಿ, ಭಾನುವಾರ ಬರ್ತೇನೆ' ಅಂದು ಕೊಡೆ ಬಿಚ್ಚಿಕೊಂಡು ಇಳಿದು ಹೋದರು.)